ಸಂಸ್ಥೆಯ ಜ್ಞಾನವೂ ಒಂದು ಅಮಾನತ್

ಪ್ರವಾದಿ ಮುಹಮ್ಮದ್(ಸ)ರು ಇಹಲೋಕ ತ್ಯಜಿಸಿ ಹೆಚ್ಚು ಕಾಲ ಕಳೆದಿರಲಿಲ್ಲ. ಯಮಾಮದ ಯುದ್ಧದಲ್ಲಿ ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಹುತಾತ್ಮರಾದರು. ಯುದ್ಧದಲ್ಲಿ ಮುಸ್ಲಿಮರು ಗೆದ್ದಿದ್ದರು. ಆದರೂ ಹಝ್ರತ್ ಉಮರ್(ರ)ರಿಗೆ ನೆಮ್ಮದಿಯಿರಲಿಲ್ಲ. ಇಂತಹ ಇನ್ನಷ್ಟು ಯುದ್ಧಗಳು ನಡೆದು ಹಾಫಿಝ್‌ಗಳು ಹೀಗೆಯೇ ಅಗಲುತ್ತಾ ಹೋದರೆ, ಅವರ ಎದೆಯಲ್ಲಿದ್ದ ಕುರ್‌ಆನಿನ ಬಹುಭಾಗ ಮುಂದಿನವರ ಕೈತಪ್ಪಬಹುದೆಂಬ ಆತಂಕ ಅವರದಾಗಿತ್ತು. ಅವರು ಖಲೀಫ ಅಬೂಬಕರ್(ರ)ರ ಬಳಿಗೆ ಹೋಗಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವಂತೆ ಒತ್ತಾಯಿಸಿದರು.

ಅಬೂಬಕರ್(ರ) ಮೊದಲು ಹಿಂಜರಿದರು. ಪ್ರವಾದಿ(ಸ)ಯವರು ಮಾಡದ ಕೆಲಸವನ್ನು ತಾವು ಮಾಡುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ಉಮರ್(ರ) ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಆ ಕೆಲಸದ ಒಳಿತು ಖಲೀಫರಿಗೂ ಮನವರಿಕೆಯಾಯಿತು. ವಹ್ಯನ್ನು ಬರೆದುಕೊಳ್ಳುತ್ತಿದ್ದ ಯುವಕ ಝೈದ್ ಬಿನ್ ಸಾಬಿತ್(ರ)ರಿಗೆ ಹೊಣೆಯನ್ನು ವಹಿಸಲಾಯಿತು. ಪರ್ವತವೊಂದನ್ನು ಕಿತ್ತಿಡುವುದೂ ಇದಕ್ಕಿಂತ ಹಗುರವಾಗಿತ್ತೆಂದು ಝೈದ್‌ರಿಗೆ ಅನಿಸಿತು. ಅವರು ಸ್ವತಃ ಕುರ್‌ಆನನ್ನು ಬಲ್ಲವರಾಗಿದ್ದರು. ಆದರೂ ತಮ್ಮ ನೆನಪೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಖರ್ಜೂರದ ಗರಿಯ ದಿಂಡುಗಳಲ್ಲಿ, ತೆಳುಗಲ್ಲುಗಳಲ್ಲಿ ಬರೆದಿಟ್ಟಿದ್ದುದನ್ನು ಹುಡುಕಿದರು, ಜನರ ಎದೆಯಲ್ಲಿದ್ದುದನ್ನು ಕೇಳಿದರು, ಸಾಕ್ಷ್ಯ ಪಡೆದರು, ಒಂದನ್ನೊಂದು ತಾಳೆ ನೋಡಿದರು.

ಈ ಘಟನೆಯನ್ನು ನಾವು ಕುರ್‌ಆನ್ ಸಂರಕ್ಷಣೆಯ ಚರಿತ್ರೆಯಾಗಿ ಓದುತ್ತೇವೆ. ಅದು ಸರಿಯೇ. ಆದರೆ ಜನರ ಗುಂಪೊಂದು ತನ್ನ ಜ್ಞಾನವನ್ನು ಮುಂದಿನವರಿಗೆ ಹೇಗೆ ದಾಟಿಸಬೇಕೆಂಬ ಪಾಠವೂ ಅದರಲ್ಲಿ ಅಡಗಿದೆ. ಬಲ್ಲವರು ಇನ್ನೂ ಬದುಕಿರುವಾಗಲೇ ಕೆಲಸ ಆರಂಭವಾಯಿತು. ಹಿಂದಿನವರು ಮಾಡಲಿಲ್ಲವೆಂಬ ಕಾರಣಕ್ಕೆ ಅದು ನಿಲ್ಲಲಿಲ್ಲ. ಒಬ್ಬರ ಸ್ಮರಣಶಕ್ತಿಯನ್ನಾಗಲಿ, ಬರಹವನ್ನಾಗಲಿ ಮಾತ್ರ ಆಧರಿಸದೆ ಎರಡನ್ನೂ ಜೊತೆಗೂಡಿಸಲಾಯಿತು. ಇಂದು ನಮ್ಮ ಮಸೀದಿ, ಮದ್ರಸ, ಸಂಘಸಂಸ್ಥೆಗಳ ನಡೆಯನ್ನು ಈ ಪಾಠದ ಬೆಳಕಿನಲ್ಲಿ ನೋಡಿದರೆ ತಲೆತಗ್ಗಿಸಬೇಕಾದ ಸ್ಥಿತಿಯಿದೆ.

ಗ್ರಂಥದೊಂದಿಗೆ ಗುರುವೂ ಹೋದರು

ಉಸ್ಮಾನ್(ರ)ರ ಕಾಲಕ್ಕೆ ಇಸ್ಲಾಮ್ ದೂರದೂರದ ನಾಡುಗಳಿಗೆ ಹರಡಿತ್ತು. ಅರ್ಮೇನಿಯಾ ಮತ್ತು ಅಝರ್‌ಬೈಜಾನ್ ಕಡೆಯ ದಂಡಯಾತ್ರೆಯಲ್ಲಿದ್ದ ಹುದೈಫಾ(ರ)ರು ಸಿರಿಯಾದವರ ಮತ್ತು ಇರಾಕಿನವರ ಪಾರಾಯಣದಲ್ಲಿ ಭಿನ್ನತೆಯಿರುವುದನ್ನು ಕಂಡು, ಮದೀನಾಕ್ಕೆ ಬಂದು ಖಲೀಫರನ್ನು ಎಚ್ಚರಿಸಿದರು. ಆಗ ಹಫ್ಸಾ(ರ)ರ ಬಳಿಯಿದ್ದ ಸಂಗ್ರಹವನ್ನು ತರಿಸಿ, ಪ್ರತಿಗಳನ್ನು ಸಿದ್ಧಪಡಿಸಿ, ಪ್ರಮುಖ ಪ್ರಾಂತಗಳಿಗೆ ಕಳುಹಿಸಲಾಯಿತು. ಪ್ರತಿಗಳ ಜೊತೆಗೆ ಅವುಗಳನ್ನು ಓದಿಸಬಲ್ಲ ಗುರುಗಳನ್ನೂ ಕಳುಹಿಸಲಾಯಿತೆಂದು ಕುರ್‌ಆನ್ ವಿಜ್ಞಾನದ ಗ್ರಂಥಗಳು ಹೇಳುತ್ತವೆ.

ಅಂದಿನ ಅರಬಿ ಬರಹದಲ್ಲಿ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳ ಬಳಕೆ ವಿರಳವಾಗಿತ್ತು, ಸ್ವರಚಿಹ್ನೆಗಳು ಇರಲಿಲ್ಲ. ಬರಹವಷ್ಟೇ ತಲುಪಿದ್ದರೆ ಅದನ್ನು ಹೇಗೆ ಓದಬೇಕೆಂಬ ವಿವಾದ ಮತ್ತೆ ತಲೆಯೆತ್ತುತ್ತಿತ್ತು. ಗುರುವಷ್ಟೇ ಹೋಗಿದ್ದರೆ ಅವರ ಕಾಲಾನಂತರ ಒರೆಗೆ ಹಚ್ಚಲು ಆಧಾರವಿರುತ್ತಿರಲಿಲ್ಲ. ಮದ್ರಸದಲ್ಲಿ ಪಾಠ ಹೇಳುವ ನಮಗೆ ಇದು ದಿನನಿತ್ಯದ ಅನುಭವ. ‘ಐನ್’ ಅಕ್ಷರ ಗಂಟಲಿನ ನಡುಭಾಗದಿಂದ ಹೊರಡುತ್ತದೆಂದು ತಜ್ವೀದ್ ಪುಸ್ತಕದಲ್ಲಿ ಅಚ್ಚಾಗಿದೆ. ಮಗು ಅದನ್ನು ಓದಿ ಪರೀಕ್ಷೆಯಲ್ಲಿ ಬರೆಯಲೂಬಹುದು. ಆದರೆ ಉಸ್ತಾದರ ಎದುರು ಕುಳಿತು, ಅವರ ಬಾಯಿಯನ್ನು ನೋಡಿ, ಹತ್ತು ಸಲ ತಪ್ಪಿ, ತಿದ್ದಿಸಿಕೊಂಡ ಮೇಲಷ್ಟೇ ಆ ಅಕ್ಷರ ಅದರ ನಾಲಿಗೆಗೆ ಒಲಿಯುತ್ತದೆ.

ಈ ಮಾತನ್ನು ಇಂದು ವ್ಯಾಪಾರಲೋಕವೂ ಒಪ್ಪಿಕೊಂಡಿದೆ. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಾಕೆಯುಚಿ ಎಂಬ ವಿದ್ವಾಂಸರು 1995ರಲ್ಲಿ, ಕಂಪೆನಿಗಳಲ್ಲಿ ಜ್ಞಾನ ಹೇಗೆ ಹುಟ್ಟುತ್ತದೆಂಬುದರ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕೊಡುವ ಒಂದು ಉದಾಹರಣೆ ಮನೆಯಲ್ಲಿ ಬ್ರೆಡ್ ತಯಾರಿಸುವ ಯಂತ್ರದ್ದು. ಮತ್ಸುಶಿತಾ ಕಂಪೆನಿಯ ಯಂತ್ರ ಆರಂಭದಲ್ಲಿ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಬ್ರೆಡ್ಡಿನ ಹೊರಗೆ ಕರಕಲಾದರೆ ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಲೆಕ್ಕಾಚಾರಗಳಿಂದ ಪರಿಹಾರ ಸಿಗದಿದ್ದಾಗ, ಇಕುಕೊ ತನಾಕಾ ಎಂಬ ಉದ್ಯೋಗಿ ಒಸಾಕಾದ ಹೋಟೆಲೊಂದರ ಮುಖ್ಯ ಬ್ರೆಡ್ ತಯಾರಕರ ಬಳಿ ಶಿಷ್ಯೆಯಾಗಿ ನಿಂತರು. ಆ ಗುರು ಹಿಟ್ಟನ್ನು ನಾದುವಾಗ ಎಳೆಯುವುದರ ಜೊತೆಗೆ ತಿರುಚುತ್ತಿದ್ದರು. ತಾವು ಹಾಗೆ ಮಾಡುತ್ತೇವೆಂಬುದನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಶಿಷ್ಯೆ ಅದನ್ನು ಕಣ್ಣಿನಿಂದ ಕಂಡು, ಕೈಯಿಂದ ಕಲಿತು, ಬಳಿಕ ಎಂಜಿನಿಯರರಿಗೆ ಮಾತಿನಲ್ಲಿ ವಿವರಿಸಿದರು. ಯಂತ್ರ ಸರಿಹೋಯಿತು. ಕೈಯಲ್ಲಿದ್ದ ಜ್ಞಾನವನ್ನು ಮಾತಿಗೆ ತಂದು, ಮಾತನ್ನು ಮತ್ತೊಬ್ಬರ ಕೈಗೆ ಇಳಿಸುವುದೇ ಸಂಸ್ಥೆಯೊಂದರ ನಿಜವಾದ ಶಕ್ತಿಯೆಂಬುದು ಈ ವಿದ್ವಾಂಸರ ವಾದದ ಸಾರ. ಉಸ್ತಾದರ ಮುಂದೆ ಮಂಡಿಯೂರಿ ಕುಳಿತು ಕಲಿತವರಿಗೆ ಇದರಲ್ಲಿ ಹೊಸತೇನೂ ಕಾಣದು.

ಲೈಸ್‌ರ ಜ್ಞಾನಕ್ಕೆ ಏನಾಯಿತು?

ಈಜಿಪ್ಟಿನಲ್ಲಿ ಲೈಸ್ ಬಿನ್ ಸಅದ್(ರಹ್) ಎಂಬ ಮಹಾನ್ ವಿದ್ವಾಂಸರಿದ್ದರು. ಹಿಜರಿ 175ರಲ್ಲಿ ನಿಧನರಾದರು. ಮದೀನಾದ ಇಮಾಮ್ ಮಾಲಿಕ್(ರಹ್)ರ ಸಮಕಾಲೀನರು. ಫಿಕ್‌ಹ್‌ನಲ್ಲಿ ಲೈಸ್ ಅವರು ಮಾಲಿಕ್‌ರಿಗಿಂತಲೂ ಮೇಲಿದ್ದರು, ಆದರೆ ಅವರ ಶಿಷ್ಯರು ಅವರ ಜ್ಞಾನವನ್ನು ಉಳಿಸಿಕೊಳ್ಳಲಿಲ್ಲ ಎಂದು ಇಮಾಮ್ ಶಾಫಿಈ(ರಹ್)ಯವರೇ ವಿಷಾದಪಟ್ಟಿರುವುದು ದಾಖಲಾಗಿದೆ. ಶಾಫಿಈಯವರು ಮಾಲಿಕ್‌ರ ಶಿಷ್ಯರೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು. ಇಂದು ಮಾಲಿಕೀ ಮದ್‌ಹಬನ್ನು ಅನುಸರಿಸುವವರು ಕೋಟಿಗಟ್ಟಲೆ ಇದ್ದಾರೆ. ಲೈಸ್‌ರ ಹೆಸರಿನ ಮದ್‌ಹಬ್ ಉಳಿದಿಲ್ಲ. ಅವರ ವಿದ್ವತ್ತಿನಲ್ಲಿ ಕೊರತೆಯಿರಲಿಲ್ಲ. ಅದನ್ನು ಸ್ವೀಕರಿಸಿ, ಕ್ರಮಪಡಿಸಿ, ಮುಂದೆ ದಾಟಿಸುವ ಕೈಗಳ ಕೊರತೆಯಿತ್ತು.

ಇದಕ್ಕೆ ಎದುರಾಗಿ ಕೂಫಾದ ಇಮಾಮ್ ಅಬೂ ಹನೀಫಾ(ರಹ್)ರ ಸಭೆಯನ್ನು ನೋಡೋಣ. ಅಲ್ಲಿ ಪ್ರಶ್ನೆಯೊಂದನ್ನು ಶಿಷ್ಯರ ನಡುವೆ ಇಡಲಾಗುತ್ತಿತ್ತು. ಒಬ್ಬೊಬ್ಬರೂ ತಮ್ಮ ಅಭಿಪ್ರಾಯವನ್ನು ಹೇಳುತ್ತಿದ್ದರು, ವಾದಿಸುತ್ತಿದ್ದರು. ಚರ್ಚೆ ಮುಗಿದ ಮೇಲೆ ಬರೆದುಕೊಳ್ಳಲಾಗುತ್ತಿತ್ತು. ಮುಂದೆ ಇಮಾಮ್ ಅಬೂ ಯೂಸುಫ್(ರಹ್) ಮತ್ತು ಇಮಾಮ್ ಮುಹಮ್ಮದ್ ಬಿನ್ ಹಸನ್ ಶೈಬಾನಿ(ರಹ್)ಯವರು ಈ ಜ್ಞಾನವನ್ನು ಗ್ರಂಥಗಳಿಗೆ ಇಳಿಸಿದರು. ಅವರು ಗುರುವಿನ ಅಭಿಪ್ರಾಯದ ಪಕ್ಕದಲ್ಲಿ ತಮ್ಮ ಭಿನ್ನಾಭಿಪ್ರಾಯವನ್ನೂ ಮುಚ್ಚಿಡದೆ ದಾಖಲಿಸಿದರು. ತೀರ್ಮಾನ ಹಾಗೂ ಅದರ ಹಿಂದಿನ ವಾದ ಎರಡೂ ಉಳಿದುದರಿಂದ ಮುಂದಿನ ಪೀಳಿಗೆಗಳು ಹೊಸ ಸಮಸ್ಯೆಗಳಿಗೆ ಹಳೆಯ ವಿವೇಕವನ್ನು ಅನ್ವಯಿಸಲು ಸಾಧ್ಯವಾಯಿತು.

ಹಸ್ತಾಂತರವಾಗುವುದು ಬೀಗದ ಕೈ ಮಾತ್ರ

ಈಗ ನಮ್ಮ ಊರುಗಳಿಗೆ ಬರೋಣ. ಜಮಾಅತಿನ ಮಹಾಸಭೆ ನಡೆದು ಹೊಸ ಸಮಿತಿ ಬರುತ್ತದೆ. ಹಳೆಯ ಕಾರ್ಯದರ್ಶಿಯವರು ಬೀಗದ ಕೈ, ಮೊಹರು, ಬ್ಯಾಂಕಿನ ಪಾಸ್‌ಬುಕ್, ಲೆಕ್ಕದ ಪುಸ್ತಕಗಳನ್ನು ಒಪ್ಪಿಸುತ್ತಾರೆ. ಒಂದು ಸಹಿಯೊಂದಿಗೆ ಹಸ್ತಾಂತರ ಮುಗಿಯುತ್ತದೆ. ಆದರೆ ಖಬರಸ್ತಾನದ ಯಾವ ಮೂಲೆಯಲ್ಲಿ ಅಗೆದರೆ ಬಂಡೆ ಸಿಗುತ್ತದೆ, ನೆರೆಯ ಜಮೀನಿನವರೊಂದಿಗಿನ ಗಡಿತಕರಾರು ಹಿಂದೆ ಯಾವ ಮಾತಿನ ಮೇಲೆ ಇತ್ಯರ್ಥವಾಯಿತು, ಇಂತಹ ಅಂಗಡಿಯ ಬಾಡಿಗೆಯನ್ನು ಯಾವ ಕಾರಣಕ್ಕೆ ಕಡಿಮೆ ಮಾಡಲಾಯಿತು, ಕೈಚಾಚದೆ ಕಷ್ಟದಲ್ಲಿರುವ ಮನೆಗಳು ಯಾವುವು ಎಂಬುದೆಲ್ಲ ಆ ಕಾರ್ಯದರ್ಶಿಯ ತಲೆಯಲ್ಲಿಯೇ ಉಳಿಯುತ್ತದೆ. ನಿರ್ಣಯ ಪುಸ್ತಕವನ್ನು ತೆರೆದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಾಲು ಮಾತ್ರ ಸಿಗುತ್ತದೆ. ಏಕೆ ಅಂಗೀಕರಿಸಲಾಯಿತು, ಯಾರು ಯಾವ ಸಂದೇಹವನ್ನು ಎತ್ತಿದ್ದರು ಎಂಬುದು ಅದರಲ್ಲಿ ಇರುವುದಿಲ್ಲ.

ಇದರ ಬೆಲೆ ಎಷ್ಟೆಂಬುದು ಇತ್ತೀಚೆಗೆ ಎಲ್ಲರಿಗೂ ತಿಳಿಯಿತು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ನಂತರ ವಕ್ಫ್ ಆಸ್ತಿಗಳ ವಿವರವನ್ನು ‘ಉಮೀದ್’ ಪೋರ್ಟಲಿಗೆ ಆರು ತಿಂಗಳೊಳಗೆ ಸೇರಿಸಬೇಕೆಂಬ ನಿಯಮ ಬಂತು. ಆ ಕಾಯ್ದೆಯ ಕುರಿತಾದ ಆಕ್ಷೇಪಗಳು ಬೇರೆಯೇ ವಿಷಯ. ಆದರೆ ಸರ್ವೆ ನಂಬರ್, ಪಹಣಿ, ಗೆಝೆಟ್ ಪ್ರಕಟಣೆ, ವಕ್ಫ್ ಮಾಡಿದವರ ದಾಖಲೆ ಇವುಗಳನ್ನು ಒಟ್ಟುಗೂಡಿಸಲು ಹೊರಟಾಗ ಮುತವಲ್ಲಿಗಳು ಪಟ್ಟ ಪಾಡು ನಮಗೊಂದು ಪಾಠವಾಗಬೇಕು. ತಲೆಮಾರುಗಳ ಹಿಂದೆ ಪುಣ್ಯಾತ್ಮರೊಬ್ಬರು ಅಲ್ಲಾಹನ ಸಂಪ್ರೀತಿಗಾಗಿ ಬಿಟ್ಟುಕೊಟ್ಟ ಭೂಮಿಯ ಕತೆಯನ್ನು ಬಲ್ಲ ಹಿರಿಯರು ನಿಧನರಾಗಿದ್ದಾರೆ. ಅವರು ಬದುಕಿದ್ದಾಗ ಅವರ ಮುಂದೆ ಕುಳಿತು ಬರೆದುಕೊಳ್ಳಲು ನಮಗೆ ಪುರುಸೊತ್ತು ಇರಲಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಿಸಬಾರದೆಂದು ಕಲಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ. ಅದನ್ನು ಓದುವ ಸಮುದಾಯದ ಕಪಾಟುಗಳಲ್ಲಿ ಗೆದ್ದಲು ಹಿಡಿದ ಕಾಗದಗಳಿವೆ.

ಮದ್ರಸಗಳ ಸ್ಥಿತಿಯೂ ಭಿನ್ನವಾಗಿಲ್ಲ. ಶಅಬಾನಿನಲ್ಲಿ ಹಳೆಯ ಉಸ್ತಾದರು ಹೊರಡುತ್ತಾರೆ, ಶವ್ವಾಲಿನಲ್ಲಿ ಹೊಸಬರು ಬರುತ್ತಾರೆ. ನಡುವೆ ಇಬ್ಬರೂ ಒಂದು ಗಂಟೆ ಜೊತೆಗೆ ಕುಳಿತುಕೊಳ್ಳುವುದು ಅಪರೂಪ. ಯಾವ ಮಗುವಿಗೆ ಕಣ್ಣಿನ ತೊಂದರೆಯಿದೆ, ಯಾವುದು ಗದರಿದರೆ ಬಾಯಿಯನ್ನೇ ತೆರೆಯುವುದಿಲ್ಲ, ಯಾವುದು ಮನೆಯಲ್ಲಿ ತಂದೆಯಿಲ್ಲದೆ ಬೆಳೆಯುತ್ತಿದೆ ಎಂಬುದನ್ನು ಹಿಂದಿನವರು ವರ್ಷಪೂರ್ತಿ ಕಷ್ಟಪಟ್ಟು ಅರಿತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಹೊಸ ಉಸ್ತಾದರು ಮೊದಲಿನಿಂದ ಅರಿಯಬೇಕು. ಅಷ್ಟರವರೆಗೆ ಆ ಮಗು ಮತ್ತೆ ಮತ್ತೆ ಗದರಿಸಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ಮನೆಗಳ ಸಹೋದರಿಯರು ಬಲ್ಲರು. ಸ್ತ್ರೀ ಮಯ್ಯಿತಿಗೆ ಸ್ನಾನ ಮಾಡಿಸಿ ಕಫನ್ ತೊಡಿಸಬಲ್ಲ ಮಹಿಳೆಯರು ಅನೇಕ ಊರುಗಳಲ್ಲಿ ಒಬ್ಬರೋ ಇಬ್ಬರೋ ಇದ್ದಾರೆ. ಅವರೂ ವಯೋವೃದ್ಧರು. ವಿಧಿಗಳು ಫಿಕ್‌ಹ್ ಪುಸ್ತಕದಲ್ಲಿವೆ. ಆದರೆ ದೀರ್ಘಕಾಲ ಹಾಸಿಗೆ ಹಿಡಿದಿದ್ದವರ ದೇಹವನ್ನು ನೋವಾಗದಂತೆ ಹೊರಳಿಸುವ ಬಗೆ, ಗಾಯಗಳಿದ್ದರೆ ವಹಿಸಬೇಕಾದ ಜಾಗ್ರತೆ, ಅಳುತ್ತಿರುವ ಮಗಳನ್ನು ಸಂತೈಸಿ ತಾಯಿಯ ಕೊನೆಯ ಸೇವೆಯಲ್ಲಿ ಅವಳ ಕೈಯನ್ನೂ ಸೇರಿಸಿಕೊಳ್ಳುವ ರೀತಿ ಪುಸ್ತಕದಲ್ಲಿ ಇಲ್ಲ. ಆ ಅಜ್ಜಿಯ ಪಕ್ಕದಲ್ಲಿ ನಿಂತು ಕಲಿಯುವ ಯುವತಿಯರು ಇಲ್ಲದಿದ್ದರೆ ಈ ಫರ್ಳ್ ಕಿಫಾಯವನ್ನು ನೆರವೇರಿಸುವವರನ್ನು ನಾಳೆ ನಾವು ಎಲ್ಲಿ ಹುಡುಕಬೇಕು? ಕೋವಿಡ್ ಕಾಲದಲ್ಲಿ ಬೆಂಗಳೂರು ಸೇರಿದಂತೆ ಹಲವೆಡೆ ನಮ್ಮ ಯುವಕರು ಮುಂದೆ ಬಂದು, ಎಲ್ಲ ಧರ್ಮಗಳ ಮೃತರಿಗೂ ಗೌರವದ ವಿದಾಯ ನೀಡಿದರು. ಅಂದು ಅವರು ಕಲಿತದ್ದು ಅಮೂಲ್ಯವಾದ ಜ್ಞಾನ. ಅದನ್ನು ಎಷ್ಟು ಸಂಸ್ಥೆಗಳು ಬರೆದಿಟ್ಟಿವೆ?

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ನಿಂತಿದೆ. ಅದರ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. 17ನೇ ಶತಮಾನದ ಕೊನೆಗೆ ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಉಳಿದ ಮಿನಾರನ್ನೂ ಬಣ್ಣದ ಹಂಚುಗಳನ್ನೂ ಪ್ರವಾಸಿಗರು ಇಂದು ನೋಡಿ ಬೆರಗಾಗುತ್ತಾರೆ. ಆದರೆ ಅಲ್ಲಿ ಪಾಠವಿಲ್ಲ, ಶಿಷ್ಯರಿಲ್ಲ, ಆ ಗ್ರಂಥಗಳಿಲ್ಲ. ಗೋಡೆ ಉಳಿದ ಮಾತ್ರಕ್ಕೆ ವಿದ್ಯೆ ಉಳಿಯುವುದಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ಸಾಕ್ಷಿಯಿದು. ಮಸೀದಿಯ ನವೀಕರಣಕ್ಕೆ ಲಕ್ಷಗಟ್ಟಲೆ ಕೂಡಿಸುವ ನಾವು, ದಾಖಲೆಗಳ ರಕ್ಷಣೆಗೆ ಅದರ ನೂರರಲ್ಲೊಂದು ಪಾಲನ್ನಾದರೂ ಮೀಸಲಿಟ್ಟಿದ್ದೇವೆಯೇ?

ಕೊಡಲು ಅಡ್ಡಿಯೇನು?

ಜ್ಞಾನ ಹಂಚಿಕೆಯಾಗದಿರಲು ಸೋಮಾರಿತನವೊಂದೇ ಕಾರಣವಲ್ಲ. ತಾನಿಲ್ಲದೆ ಕೆಲಸ ನಡೆಯಬಾರದೆಂಬ ಸುಪ್ತ ಬಯಕೆ ಅನೇಕರಲ್ಲಿರುತ್ತದೆ. ‘ಅವರನ್ನೇ ಕೇಳಬೇಕು’ ಎಂಬ ಮಾತು ಕಿವಿಗೆ ಹಿತವಾಗಿರುತ್ತದೆ. ಹಳೆಯ ಸಮಿತಿಗೂ ಹೊಸ ಸಮಿತಿಗೂ ಮನಸ್ತಾಪವಿದ್ದರಂತೂ ಅವರಾಗಿ ಹೇಳುವುದಿಲ್ಲ, ಇವರಾಗಿ ಕೇಳುವುದಿಲ್ಲ. ಪ್ರಾಮಾಣಿಕವಾಗಿ ದುಡಿಯುತ್ತಿರುವವರಿಗೆ ‘ಬರೆದಿಡಿ’ ಎಂದರೆ ತಮ್ಮ ಮೇಲೆ ಸಂಶಯಪಟ್ಟಂತೆ ಅನಿಸುವುದೂ ಉಂಟು. ಝೈದ್(ರ)ರಂತಹ ವಿಶ್ವಾಸಾರ್ಹರೇ ತಮ್ಮ ನೆನಪಿಗೆ ಸಾಕ್ಷ್ಯ ಕೇಳಿಕೊಂಡರೆಂಬುದನ್ನು ಅಂತಹವರಿಗೆ ಪ್ರೀತಿಯಿಂದ ನೆನಪಿಸಬೇಕು.

ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಗುಂಪಿನಲ್ಲಿ ಹಾಕಿದ್ದು ಎಲ್ಲರಿಗೂ ತಲುಪುತ್ತದೆ ನಿಜ. ಆದರೆ ಮೂರು ವರ್ಷಗಳ ಹಿಂದಿನ ರಸೀದಿಯನ್ನು ಹಬ್ಬದ ಶುಭಾಶಯಗಳ ರಾಶಿಯಿಂದ ಹೆಕ್ಕಿ ತೆಗೆಯಬಲ್ಲವರು ಯಾರು? ಮೊಬೈಲ್ ಬದಲಾದರೆ, ಗುಂಪಿನಿಂದ ಹೊರಬಂದರೆ, ಅದೂ ಕೈತಪ್ಪಿತು. ಹರಡುವುದಕ್ಕೂ ದಾಟಿಸುವುದಕ್ಕೂ ವ್ಯತ್ಯಾಸವಿದೆ. ದಾಟಿಸುವುದೆಂದರೆ ಕೊಡುವವರು ಯಾರು, ಪಡೆದವರು ಯಾರು, ಪಡೆದವರಿಗೆ ಅರ್ಥವಾಯಿತೇ ಎಂಬ ಮೂರೂ ಖಚಿತವಾಗಬೇಕು. ಹದೀಸ್ ವಿದ್ವಾಂಸರು ಪ್ರತಿ ವರದಿಯ ಹಿಂದೆಯೂ ಹೆಸರುಗಳ ಸರಪಳಿಯನ್ನು ಕೇಳಿದ್ದು ಇದಕ್ಕಾಗಿಯೇ.

ಹಾಗೆಂದು ಎಲ್ಲವನ್ನೂ ಎಲ್ಲರ ಮುಂದೆ ತೆರೆದಿಡಬೇಕೆಂದು ನಮ್ಮ ವಾದವಲ್ಲ. ಪಾರಾಯಣದ ಭಿನ್ನತೆಯ ಕುರಿತು ಖಲೀಫರನ್ನು ಎಚ್ಚರಿಸಿದ ಅದೇ ಹುದೈಫಾ(ರ)ರು ಪ್ರವಾದಿ(ಸ)ಯವರ ಗುಟ್ಟುಗಳನ್ನು ಬಲ್ಲವರೆಂದು ಪ್ರಸಿದ್ಧರು. ಕಪಟವಿಶ್ವಾಸಿಗಳ ಹೆಸರುಗಳನ್ನು ಅವರು ಬಹಿರಂಗಪಡಿಸಲಿಲ್ಲ. ಝಕಾತ್ ಪಡೆಯುವ ಕುಟುಂಬದ ಹೆಸರು, ಸಂಧಾನಕ್ಕೆ ಬಂದ ದಂಪತಿಯ ಮಾತು ಇವು ಹಾಗೆಯೇ ಕಾಪಾಡಬೇಕಾದವು. ಅವು ಮುಂದಿನ ಹೊಣೆಗಾರರೊಬ್ಬರ ಕಿವಿಗೆ ಮಾತ್ರ ಹೋಗಬೇಕು. ಅಮಾನತ್ ಅದರ ಹಕ್ಕುದಾರರಿಗೆ ಸೇರಬೇಕೆಂಬ ದೇವಾಜ್ಞೆಯಲ್ಲಿ ಕೊಡುವ ಹೊಣೆಯೂ ಇದೆ, ಯಾರಿಗೆಂಬ ವಿವೇಚನೆಯೂ ಇದೆ.

ಮಾಡಬಹುದಾದದ್ದು

ಇದಕ್ಕೆ ದೊಡ್ಡ ಹಣವಾಗಲಿ ಪರಿಣತರಾಗಲಿ ಬೇಕಾಗಿಲ್ಲ. ಮೊದಲನೆಯದಾಗಿ, ಹಳೆಯ ಮತ್ತು ಹೊಸ ಪದಾಧಿಕಾರಿಗಳು ಕನಿಷ್ಠ ಒಂದು ತಿಂಗಳು ಜೊತೆಯಾಗಿ ಕೆಲಸ ಮಾಡುವ ಕ್ರಮವನ್ನು ಜಮಾಅತಿನ ನಿಯಮದಲ್ಲಿಯೇ ಸೇರಿಸಬೇಕು. ಉಸ್ತಾದರ ಬದಲಾವಣೆಯಲ್ಲಿ ತಿಂಗಳು ಸಿಗದಿದ್ದರೆ ಎರಡು ದಿನವಾದರೂ ಇಬ್ಬರೂ ಒಟ್ಟಿಗೆ ತರಗತಿಯಲ್ಲಿ ಇರಲಿ. ಆ ದಿನಗಳ ಭತ್ಯೆಯನ್ನು ಸಮಿತಿ ಕೊಡಲಿ. ಎರಡನೆಯದಾಗಿ, ನಿರ್ಣಯ ಪುಸ್ತಕದಲ್ಲಿ ನಿರ್ಣಯದೊಂದಿಗೆ ಅದರ ಕಾರಣವನ್ನೂ ಭಿನ್ನಮತವನ್ನೂ ಎರಡು ಸಾಲುಗಳಲ್ಲಿ ಬರೆಯಬೇಕು. ಕೈಗೊಂಡು ವಿಫಲವಾದ ಕೆಲಸಗಳನ್ನಂತೂ ಬಿಡದೆ ಬರೆಯಬೇಕು. ಹಾಗಾದರೆ ಮುಂದಿನವರು ಅದೇ ಹೊಂಡಕ್ಕೆ ಬೀಳರು. ಮೂರನೆಯದಾಗಿ, ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದೆಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಎರಡನೆಯ ವ್ಯಕ್ತಿಯನ್ನು ಹೆಸರಿಸಿ ಕಲಿಯಲು ಹಚ್ಚಬೇಕು. ಆಸ್ತಿಯ ದಾಖಲೆಗಳ ಪ್ರತಿ ಒಂದೇ ಕಪಾಟಿನಲ್ಲಿ ಇರಬಾರದು.

ನಾಲ್ಕನೆಯದಾಗಿ, ಈ ಕಾರ್ಯದಲ್ಲಿ ಮಹಿಳೆಯರನ್ನು ಹೊರಗಿಡಬಾರದು. ಹಝ್ರತ್ ಆಇಶಾ(ರ)ರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ವರದಿಯಾಗಿವೆ. ಅವರು ಹಿರಿಯ ಸಹಾಬಿಗಳ ವರದಿಗಳನ್ನೂ ತಿದ್ದಿದ್ದಾರೆ. ಪ್ರವಾದಿ(ಸ)ಯವರ ಮನೆಯೊಳಗಿನ ಬದುಕು ನಮಗೆ ತಿಳಿದಿರುವುದು ಅವರಿಂದಾಗಿ. ಅವರನ್ನು ಕೇಳುವವರು ಇರದಿದ್ದರೆ ದೀನ್‌ನ ಎಷ್ಟು ಭಾಗ ನಮಗೆ ತಲುಪುತ್ತಿರಲಿಲ್ಲ! ಊರಿನ ಹಿರಿಯ ತಾಯಂದಿರ ಬಳಿ ಇರುವ ತಿಳಿವಳಿಕೆಯನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ಹೆಣ್ಣುಮಕ್ಕಳು ಇಂದೇ ಆರಂಭಿಸಬಹುದು.

ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರಹ್)ರು ಹಿಜರಿ 99ರಿಂದ 101ರವರೆಗೆ ಮಾತ್ರ ಆಳಿದರು. ಆ ಅಲ್ಪ ಅವಧಿಯಲ್ಲೇ ಅವರು ಮದೀನಾದ ಅಬೂಬಕರ್ ಬಿನ್ ಹಝ್ಮ್‌ರಿಗೆ ಪತ್ರ ಬರೆದು, ವಿದ್ವಾಂಸರು ಅಗಲುತ್ತಿರುವುದರಿಂದ ಜ್ಞಾನ ಮರೆಯಾಗುವ ಭಯವಿದೆ, ಹದೀಸ್‌ಗಳನ್ನು ಬರೆದಿಡಿ ಎಂದು ಆದೇಶಿಸಿದರು. ಜನ ಕೂತು ಕಲಿಸಬೇಕು, ಜ್ಞಾನ ಗುಟ್ಟಾದಾಗಲೇ ನಶಿಸುತ್ತದೆ ಎಂಬ ಎಚ್ಚರಿಕೆಯೂ ಅವರ ಕಾಳಜಿಯಲ್ಲಿತ್ತು. ನಮ್ಮ ಸಮಿತಿಗಳ ಅವಧಿಯೂ ಎರಡು ಮೂರು ವರ್ಷವೇ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರದ ಮಂಡನೆ ಮುಗಿದ ಬಳಿಕ ಯಾರಾದರೊಬ್ಬರು ಎದ್ದು ಕೇಳಲಿ: ನೀವು ಕಲಿತದ್ದನ್ನು ಯಾರಿಗೆ ಕಲಿಸಿದಿರಿ? ಹಣದ ಲೆಕ್ಕ ಕೇಳುವಷ್ಟೇ ಗಂಭೀರವಾಗಿ ಈ ಪ್ರಶ್ನೆಯನ್ನು ಕೇಳುವ, ಅದಕ್ಕೆ ಉತ್ತರಿಸುವ ಸಂಪ್ರದಾಯ ನಮ್ಮಲ್ಲಿ ಬೆಳೆಯಲಿ. ನಮ್ಮ ಹಿರಿಯರು ನಮ್ಮ ಕೈಗಿತ್ತ ಅಮಾನತ್ತನ್ನು ಕುಂದಿಲ್ಲದೆ ಮುಂದಿನವರಿಗೆ ಒಪ್ಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.